ಕನಕಮ್ಮ ಬರೆಸಿದ ಪಾತ್ರೆಗಳು

ನಾನು ಟೀಚರಾಗಿರುವ ಮಾನ್ವಿಯ ಶಾಲೆಯಲ್ಲಿ ಬಿಸಿಯೂಟ ಮಾಡುವ ಕನಕಮ್ಮ ದೇವರ ಉಪಕಾರವನ್ನು ಮರೆಯುವ ಪೈಕಿ ಅಲ್ಲ. ಮನೆದೇವತೆ ಹುಲಿಗೆಮ್ಮ ತನಗೆ ಒಳ್ಳೆಯದು ಮಾಡಿದಳು ಅನ್ನಿಸಿದರೆ ಎಲ್ಲರಂತೆ ಕಾಯಿ ಒಡೆಸಿ ಸುಮ್ಮನಾಗುವುದಿಲ್ಲ. ಒಂದು ಸ್ಟೀಲ್ ಪಾತ್ರೆ ಕೊಂಡು, ಬಜಾರಿನ ಖಾಜಾಮಿಯಾನ ಅಂಗಡಿಗೆ ಒಯ್ದು ಅದರ ಮೇಲೆ ಬರೆಸುತ್ತಾಳೆ. ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೊರೆಸುವುದು ಊರ ರೂಢಿ. ಕನಕಮ್ಮನ ಪ್ರಕಾರ ಕೊಟ್ಟವಳು ಹುಲಿಗೆಮ್ಮ. ಹಾಗಾಗಿ ಅವಳದೇ ಹೆಸರು.

ಅವಳ ಮನೆಯ ಗೂಡಿನಲ್ಲಿ ಸಾಲಾಗಿ ಕವುಚಿಟ್ಟ ಪಾತ್ರೆಗಳನ್ನು ನಾನು ಎಷ್ಟೋ ಸಲ ಓದಿದ್ದೇನೆ. ಉಣ್ಣುವ ಗಂಗಾಳದ ಮೇಲೆ: ‘ಹುಲಿಗೆಮ್ಮನ ದಯ. ಮಗ ಹುಲಿಗೇಶ ವಾಂತಿಭೇದಿಯಿಂದ ಉಳಿದ.’ ಬೋಗುಣಿಯ ಮೇಲೆ: ‘ಮನೆಯಲ್ಲಿ ಹಿಟ್ಟು ಮುಗಿದ ದಿನ ಸಾಲಿಯಲ್ಲಿ ಅಡಿಗೆ ಕೆಲಸ ಕೊಟ್ಟಳು.’ ಕೊಡದ ಮೇಲೆ: ‘ಗೋಡೆ ಬಿತ್ತು. ಮಕ್ಕಳ ಮೇಲೆ ಬೀಳಲಿಲ್ಲ.’ ಎಲ್ಲದರ ಕೆಳಗೂ ಒಂದೇ ಮಾತು: ‘ಶಶಿಕಲಾಗೆ.’

ಶಶಿಕಲಾ ಅವಳ ಮಗಳು. ಮದುವೆಯಲ್ಲಿ ಈ ಪಾತ್ರೆಗಳೇ ಮಗಳ ಬಾಂಡೆ ಸಾಮಾನು ಎಂದು ಕನಕಮ್ಮ ಅವಳು ಹುಟ್ಟಿದಾಗಲೇ ನಿಶ್ಚಯಿಸಿದ್ದಳು. ‘ನಾನು ಸತ್ತ ಮ್ಯಾಲ ಹೇಳೋರು ಯಾರ್ರೀ? ಬಾಂಡೆ ಹೇಳ್ತಾವ’ ಅನ್ನುತ್ತಿದ್ದಳು. ಹಾಗಂತ ಬಾಂಡೆಗೇ ಬಿಟ್ಟಿರಲಿಲ್ಲ. ಪಾತ್ರೆ ತಿಕ್ಕುವಾಗ ಒಂದೊಂದನ್ನೂ ಮಗಳ ಕೈಯಲ್ಲಿ ಓದಿಸುತ್ತಿದ್ದಳು. ಹುಡುಗಿಗೆ ಎಲ್ಲವೂ ಬಾಯಿಪಾಠವಾಗಿತ್ತು.

ಶಶಿಕಲಾಗೆ ದೇವದುರ್ಗದಲ್ಲಿ ಗಂಡು ಗೊತ್ತಾಯಿತು. ರಾಯಚೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಮಗ ಹುಲಿಗೇಶ ಬಂದು, ‘ಯವ್ವಾ, ಬಾಂಡೆ ಎಲ್ಲಾ ಕಪ್ಪಾಗ್ಯಾವ. ಪಾಲಿಶ್ ಹಾಕಿಸಿ ಸೀದಾ ದೇವದುರ್ಗಕ್ಕ ತರ್ತೀನಿ’ ಅಂದ.

‘ಅಕ್ಷರ ಹೋಗ್ತಾವೇನಪಾ?’

‘ಅವೆಲ್ಲಿ ಹೋಗ್ತಾವ ಬೇ!’

ಚೀಲ ತುಂಬಿಕೊಟ್ಟವಳು ಕನಕಮ್ಮನೇ.

ಮದುವೆಯ ದಿನ ನಾನೂ ದೇವದುರ್ಗಕ್ಕೆ ಹೋಗಿದ್ದೆ. ಮೇಜಿನ ಮೇಲೆ ಪಾತ್ರೆಗಳು ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು. ಮೈಕಿನಲ್ಲಿ ಮುಯ್ಯಿ ಕೊಟ್ಟವರ ಹೆಸರು ಓದುವ ಮಾರೆಪ್ಪನಿಗೆ ಕನಕಮ್ಮ ಮೊದಲೇ ಹೇಳಿಟ್ಟಿದ್ದಳು: ‘ನಮ್ಮ ಬಾಂಡೆ ಮ್ಯಾಲಿಂದು ಒಂದೂ ಬಿಡಬ್ಯಾಡಪಾ.’ ಆಮೇಲೆ ಸೆರಗು ಸರಿಮಾಡಿಕೊಂಡು, ಮಗಳ ಅತ್ತೆ ಗೋಪಮ್ಮನ ಪಕ್ಕ ಕೂತು, ‘ಈಗ ಕೇಳ್ರಿ ಬೀಗರ, ನಮ್ಮವ್ವ ಹುಲಿಗೆಮ್ಮ ಏನೇನು ಮಾಡ್ಯಾಳ ಅಂತ’ ಎಂದಳು.

ಮಾರೆಪ್ಪ ಗಂಗಾಳ ಎತ್ತಿದ. ‘ಪ್ರೊಫೆಸರ್ ಹುಲಿಗೇಶ, ರಾಯಚೂರು. ತಂಗಿಗೆ ಪ್ರೀತಿಯ ಕಾಣಿಕೆ.’ ಬೋಗುಣಿ ಎತ್ತಿದ. ‘ಪ್ರೊಫೆಸರ್ ಹುಲಿಗೇಶ, ರಾಯಚೂರು.’ ಕೊಡವನ್ನೂ ಬಿಡಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಕನಕಮ್ಮ ಎದ್ದು ಹೋಗಿ ಕೊಡವನ್ನು ಸುತ್ತ ತಿರುಗಿಸಿ ನೋಡಿದಳು. ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. ನುಣ್ಣಗಿತ್ತು.

ಊಟದ ಮನೆಯ ಹಿಂದೆ ಮಗನನ್ನು ಹಿಡಿದು ಕೇಳಿದಳು, ‘ಯಾಕಪಾ ಹಿಂಗ ಮಾಡ್ದಿ?’

‘ಹಿಟ್ಟಿಲ್ಲ, ಭೇದಿ ಆತು, ಗ್ವಾಡಿ ಬಿತ್ತು... ಬೀಗರ ಮುಂದ ಇದನ್ನ ಮೈಕಿನಾಗ ಓದಸ್ತಿದ್ದೇನು? ನನ್ನ ಮರ್ಯಾದಿ ಏನಾಗಬೇಕು?’

‘ಅಳಿಸಿದಿ, ಆತು. ನಿನ್ನ ಹೆಸರು ಯಾಕ ಹಾಕಿಸ್ದಿ?’

‘ಖಾಲಿ ಇದ್ರ ಕೊಟ್ಟೋರು ಯಾರು ಅಂತ ಕೇಳಂಗಿಲ್ಲೇನು?’

ನನಗೆ ಮೈ ಉರಿದುಹೋಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವವರನ್ನು ಕಂಡಿದ್ದೆ. ಅಂಬಿಗನ ಹೆಸರು ಅಳಿಸಿ ದೋಣಿಗೆ ತನ್ನ ಹೆಸರು ಬರೆದುಕೊಳ್ಳುವವನನ್ನು ಕಂಡದ್ದು ಅವತ್ತೇ. ತಾನು ಬದುಕಿ ಉಳಿದ ಸುದ್ದಿ ಬರೆದಿದ್ದ ಗಂಗಾಳಕ್ಕೂ ಈ ಮಹಾಶಯನೇ ದಾನಿ!

ಕನಕಮ್ಮ ಮದುಮಗಳ ಹತ್ತಿರ ಹೋದಳು. ‘ನೀನರ ಕೇಳವ್ವಾ ನಿಮ್ಮಣ್ಣಗ. ನಿನ್ನ ಸಲುವಾಗಿ ಬರಸಿದ್ದು.’

ಶಶಿಕಲಾ ಬಾಸಿಂಗದ ತಲೆಯನ್ನು ಇನ್ನಷ್ಟು ಬಗ್ಗಿಸಿದಳು. ‘ನಾನ ಹೇಳಿದ್ನಿ ಯವ್ವಾ, ಅಳಿಸು ಅಂತ. ನಾಳಿಂದ ಈ ಮನ್ಯಾಗ ದಿನಾ ಅದರಾಗ ಉಣ್ಣಾಕಿ ನಾನು. ಬಂದೋರು ಹೋದೋರು ಎಲ್ಲಾ ಓದ್ತಾರ.’

ಕನಕಮ್ಮ ಅಕ್ಷತೆ ಹಾಕಿದಳು, ಬೀಗರಿಗೆ ಬಡಿಸಿದಳು, ಮಗಳನ್ನು ಒಪ್ಪಿಸಿಕೊಟ್ಟಳು. ಮಾನ್ವಿಯ ಬಸ್ಸು ಊರು ದಾಟಿದ ಮೇಲಷ್ಟೇ ಬಾಯಿ ಬಿಟ್ಟಳು. ‘ಅಂವಂದು ಬಿಡ್ರಿ, ಟೀಚರ್ರೀ, ತಡಕೋತೀನಿ. ಆಕಿಗೆ ಎಲ್ಲಾ ಬಾಯಿಪಾಠ ಇತ್ತು.’ ಆಮೇಲೆ ಕಿಟಕಿಗೆ ಮುಖ ಮಾಡಿ ಅತ್ತಳು.

ಮುಂದಿನ ಮಂಗಳವಾರ ಶಾಲೆ ಬಿಟ್ಟ ಮೇಲೆ ಹೊಸ ಚರಿಗೆಯೊಂದನ್ನು ಹಿಡಿದು ಖಾಜಾಮಿಯಾನ ಅಂಗಡಿಗೆ ಹೊರಟಳು. ನಾನೂ ಜೊತೆಗಿದ್ದೆ.

‘ಹುಲಿಗೆಮ್ಮ ಮಗಳ ಮದುವಿ ಸುಸೂತ್ರ ಮಾಡಿಸಿದಳು, ಅಂತ ಬರಿಯಣ್ಣಾ’ ಅಂದಳು.

ನನಗೆ ಸಿಟ್ಟು ಬಂತು. ‘ಇಷ್ಟಾದ ಮ್ಯಾಲೂ ಬರಸ್ತೀಯೇನು?’

‘ಹುಲಿಗೆಮ್ಮ ಏನು ತಪ್ಪು ಮಾಡ್ಯಾಳ್ರೀ? ಬೇಡಿದ್ದು ಕೊಟ್ಟಾಳ.’

ಖಾಜಾಮಿಯಾ ಮಷಿನ್ ಹಚ್ಚಿ, ಕನ್ನಡಕ ಏರಿಸಿಕೊಂಡು ನಿಧಾನವಾಗಿ ಕೊರೆದ. ಮುಗಿಸಿ, ಪುಡಿ ಊದಿ, ಚರಿಗೆಯನ್ನು ಸ್ವಲ್ಪ ಮೇಲಕ್ಕೆ ಸರಿಸಿದ.

‘ಕೆಳಗ ಎಂದಿನಂಗ ಶಶಿಕಲಾಗೆ ಅಂತ ಹಾಕಲೇನಕ್ಕಾ?’

ಕನಕಮ್ಮ ಅವನ ಕೈಯಿಂದ ಚರಿಗೆ ತೆಗೆದುಕೊಂಡಳು.

‘ಬ್ಯಾಡ’ ಅಂದಳು. ‘ಅಷ್ಟು ಸಾಕು.’