ಒರೆಸಬಾರದಿದ್ದ ಮಸಿ

ಎದೆರೋಗದ ವೈದ್ಯಕೀಯದಲ್ಲಿ ನಮ್ಮ ಡಾಕ್ಟರಮ್ಮನವರ ಸ್ಥಾನ ಎಂಥದ್ದು, ಅವರ ಪ್ರಬಂಧಗಳು ಯಾವ ಯಾವ ಸಭೆಗಳಲ್ಲಿ ಮನ್ನಣೆ ಪಡೆದವು, ಅವರ ಕೈಕೆಳಗೆ ಕಲಿತವರು ಎಲ್ಲೆಲ್ಲಿ ಹೆಸರು ಮಾಡಿದ್ದಾರೆ ಎಂಬುದನ್ನು ಬಲ್ಲವರು ಈ ಅಭಿನಂದನಾ ಸಂಪುಟದಲ್ಲಿ ಬರೆದಿದ್ದಾರೆ. ಅದು ನನ್ನ ಅಳವಿಗೆ ಮೀರಿದ್ದು. ಬೆಂಕಿಯಿಂದ ಪಾರಾಗಿ ಬಂದವರ ಉಸಿರು ಕಾಯುವುದರಲ್ಲಿ ಅವರಿಗೆ ಸಮನಾದವರು ವಿರಳ ಎಂಬುದನ್ನು ಮಾತ್ರ ಅವರ ವಾರ್ಡಿನಲ್ಲಿ ಅಟೆಂಡರಾಗಿ ದುಡಿದ ನಾನು ಕಣ್ಣಾರೆ ಕಂಡು ಹೇಳಬಲ್ಲೆ. ಸಂಪಾದಕರು ನನಗೂ ಎರಡು ಪುಟ ಕೊಟ್ಟಿದ್ದಾರೆಂದು ತಿಳಿದಾಗ ಡಾಕ್ಟರಮ್ಮ ಒಂದೇ ಮಾತು ಹೇಳಿದರು: "ಅಣ್ಣ, ಆ ದಿನದ್ದು ಬಿಟ್ಟು ಬರೀಬೇಡಿ." ಆ ದಿನದ ಬೆನ್ನಿಗೇ ಅವರು ನನ್ನನ್ನು ಕೇಳಿದ ಒಂದು ಪ್ರಶ್ನೆಗೆ ಮೂವತ್ತು ವರ್ಷವಾದರೂ ನಾನು ಉತ್ತರ ಕೊಟ್ಟಿಲ್ಲ. ಅದನ್ನು ಕೊಡುವುದಕ್ಕೇ ಈ ಎರಡು ಪುಟವನ್ನು ಒಪ್ಪಿಕೊಂಡೆ.

ಅವರು ನಮ್ಮಲ್ಲಿಗೆ ಬಂದಾಗ ಇನ್ನೂ ಚಿಕ್ಕ ವಯಸ್ಸು. ನಾಡಿಯದೊಂದು ನಂಬರು, ಜ್ವರದ್ದೊಂದು ನಂಬರು, ರೋಗಿ ಎಷ್ಟು ಮೆಟ್ಟಿಲು ಹತ್ತಿದ ಎಂಬುದಕ್ಕೂ ಒಂದು ನಂಬರು ಬೇಕು. ಹಾಗಾಗಿ ನಾವು ಬೆನ್ನ ಹಿಂದೆ 'ನಂಬರಮ್ಮ' ಎನ್ನುತ್ತಿದ್ದೆವು. ಅದು ಅವರ ಕಿವಿಗೂ ಬಿತ್ತು. ಒಂದು ಬೆಳಿಗ್ಗೆ ನಮ್ಮ ಕೋಣೆಗೆ ಬಂದು, "ಇಲ್ಲಿ ಐದು ಜನ ಇದ್ದೀರಿ, ಸ್ಟೂಲು ಸೊನ್ನೆ. ಈ ನಂಬರ್ ನಂಗೆ ಸರಿ ಕಾಣ್ಲಿಲ್ಲ" ಎಂದರು. ಸಂಜೆಯೊಳಗೆ ಐದು ಸ್ಟೂಲು ಬಂದವು. ನಮ್ಮಂಥವರು ವಾರ್ಡಿನಲ್ಲಿ ಕೂರಬಹುದು ಎಂದು ತಿಳಿದದ್ದು ಅಂದೇ.

ಅದೇ ವರ್ಷ ಹಾಸಿಗೆ ಹೊಲಿಯುವ ಕಾರ್ಖಾನೆಗೆ ಬೆಂಕಿ ಬಿತ್ತು. ನನ್ನ ಮನೆಯಾಕೆ ಅಲ್ಲಿ ಹೊಲಿಗೆಯವಳು. ಹೊರಗೆ ಬಂದವಳು, ಪಕ್ಕದ ಮೆಷಿನ್ನಿನ ಇಬ್ಬರು ಕಾಣಲಿಲ್ಲವೆಂದು ಮತ್ತೆ ಒಳಗೆ ಹೋಗಿ, ಸ್ಪಂಜು ಉರಿಯುವ ಹೊಗೆಯಲ್ಲಿ ತಡಕಾಡಿ, ಅವರ ಕೈಹಿಡಿದು ಕರೆತಂದಳು. ಹನ್ನೊಂದು ಗಂಟೆಗೆ ಆಸ್ಪತ್ರೆಗೆ ತನ್ನ ಕಾಲ ಮೇಲೆಯೇ ನಡೆದು ಬಂದಳು. ಮೈಮೇಲೆ ಒಂದು ಬೊಬ್ಬೆಯೂ ಇಲ್ಲ. ಮೂಗಿನ ಹೊಳ್ಳೆಗಳಲ್ಲಿ, ತುಟಿಯ ಅಂಚಿನಲ್ಲಿ ಮಾತ್ರ ಮಸಿ ಕಟ್ಟಿತ್ತು. ಡಾಕ್ಟರು ನೋಡುವ ಮೊದಲು ರೋಗಿಯ ಮುಖ ಒರೆಸಿ ಚೊಕ್ಕಟ ಮಾಡುವುದು ನಮ್ಮ ಕೆಲಸ, ನಮ್ಮ ಹೆಮ್ಮೆ. ಹೆಂಡತಿ ಎಂದರೆ ಕೇಳಬೇಕೆ? ಒದ್ದೆ ಬಟ್ಟೆಯಿಂದ ಮೂಗು, ಬಾಯಿ ಎಲ್ಲ ಒರೆಸಿದೆ. ಕೆಮ್ಮಿ ಉಗುಳಿದ ಕರಿ ಕಫವನ್ನೂ ತೊಳೆದು ಚೆಲ್ಲಿದೆ.

ಅವಳ ದನಿ ಒಡೆದಿತ್ತು. "ರೀ, ನಂಗೆ ಗಂಡು ದನಿ ಬಂತು. ಇನ್ಮೇಲೆ ಮನೇಲಿ ನನ್ನ ಮಾತೇ ನಡೀಬೇಕು" ಎಂದಳು.

"ಇಷ್ಟು ದಿನ ಯಾರದ್ದು ನಡೀತಿತ್ತು ಮಾರಾಯ್ತಿ?" ಎಂದು ನಾನು ನಕ್ಕೆ.

ಡಾಕ್ಟರಮ್ಮ ಬಂದು ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿದರು. ತೊಂಬತ್ತೆಂಟು ತೋರಿಸಿತು. ಎದೆಗೆ ಕೊಳವೆಯಿಟ್ಟು ಆಲಿಸಿದರು, ಸುಟ್ಟ ಗಾಯಕ್ಕಾಗಿ ಹುಡುಕಿದರು, ಮುಖ ನೋಡಿದರು. ಒರೆಸಿದ ಮುಖ, ಬೆಳಗಿದ ತಂಬಿಗೆಯ ಹಾಗೆ. ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ ಎಂದರು. ಮಧ್ಯಾಹ್ನ ಮೂರರ ಹೊತ್ತಿಗೆ ಉಸಿರೆಳೆದರೆ ಸಿಳ್ಳೆ ಹಾಕಿದಂತೆ ಸದ್ದು. ಆಟೋದಲ್ಲಿ ಕರೆತರುವಷ್ಟರಲ್ಲಿ ಗಂಟಲು ಊದಿ, ಉಸಿರಿನ ಟ್ಯೂಬು ಇಳಿಸಲು ದಾರಿಯೇ ಇರಲಿಲ್ಲ. ಡಾಕ್ಟರಮ್ಮನ ಕೈಯಲ್ಲೇ ಅವಳು ಹೋದಳು.

ಮೂರನೆಯ ದಿನ ಅವರು ನಮ್ಮ ಮನೆಗೆ ಬಂದರು. ಕುರ್ಚಿ ಹಾಕಿದರೂ ಕೂರಲಿಲ್ಲ. "ಅಣ್ಣ, ನಾನು ನಂಬರ್ ನೋಡ್ದೆ, ಅವರ ದನಿ ಕೇಳ್ಳಿಲ್ಲ. ತಪ್ಪು ನಂದು. ನನ್ನ ಮೇಲೆ ಕೋಪ ಇದ್ಯಾ?" ಎಂದರು. ನಾನು ನೀರು ತರುತ್ತೇನೆಂದು ಒಳಗೆ ಹೋದೆ.

ಆಮೇಲೆ ಅವರು ಮಾಡಿದ್ದೇ ಅವರ ಜೀವಮಾನದ ಸಾಧನೆ. ಬೆಂಕಿ ಸುಟ್ಟದ್ದು ಕಣ್ಣಿಗೆ ಕಾಣುತ್ತದೆ, ಹೊಗೆ ಸುಟ್ಟದ್ದು ಕಾಣುವುದಿಲ್ಲ ಎಂದು ಎಲ್ಲರಿಗೂ ಕಲಿಸಿದರು. ಬಿಸಿಹೊಗೆಗೆ ಗಂಟಲು ಒಳಗಿಂದೊಳಗೇ ಊದುತ್ತದೆ, ಕೆಲವೊಮ್ಮೆ ಗಂಟೆಗಟ್ಟಲೆ ಸುಮ್ಮನಿದ್ದು ಆಮೇಲೆ. ಮಸಿ ಇನ್ನೂ ಕೆಳಗಿಳಿದು ಸಣ್ಣ ಶ್ವಾಸನಾಳಗಳ ಒಳಪದರವನ್ನು ಕೆಡಿಸಿ, ಕಫ ಗಟ್ಟಿಯಾಗಿ ದಾರಿ ಕಟ್ಟುತ್ತದೆ. ಹೊಗೆಯ ವಿಷಗಾಳಿ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂತರೆ, ಬೆರಳಿನ ಕ್ಲಿಪ್ಪಿಗೆ ಅದು ತಿಳಿಯುವುದೇ ಇಲ್ಲ. "ಮನೆಯೊಡೆಯ ಯಾರು, ಕಳ್ಳ ಯಾರು ಅಂತ ಅದಕ್ಕೆ ಗೊತ್ತಾಗಲ್ಲ. ಜನ ಇದ್ದಾರೆ ಅಂತಷ್ಟೇ ಎಣಿಸುತ್ತೆ" ಎನ್ನುತ್ತಿದ್ದರು. ಕೇಸ್ ಶೀಟಿನಲ್ಲಿ 'ದನಿ' ಎಂದೊಂದು ಕಾಲಂ ಎಳೆಸಿ, ಅದನ್ನು ನನ್ನ ಪಾಲಿಗೆ ಬಿಟ್ಟರು. ಹೊಗೆ ಕುಡಿದು ಬಂದವರ ಪಕ್ಕ ಸ್ಟೂಲು ಹಾಕಿಕೊಂಡು ಅರ್ಧ ಗಂಟೆಗೊಮ್ಮೆ ಒಂದೇ ಪ್ರಶ್ನೆ ಕೇಳಬೇಕು: ನಿಮ್ಮ ಮನೆ ಬಾಗಿಲು ದಾಟಿದರೆ ಮೊದಲು ಏನು ಸಿಗುತ್ತದೆ? ಅದೇ ಮಾತು, ಅದೇ ಬಾಯಿ. ದನಿಯಲ್ಲಿ ಕೂದಲೆಳೆಯಷ್ಟು ಬದಲಾದರೂ ಓಡಿಹೋಗಿ ಹೇಳಬೇಕು. ಆರನೆಯ ಸಲ ನಾನು ಕೇಳಿದಾಗ ಬೇಕರಿಯವನೊಬ್ಬ, "ಮೊದಲು ಸಿಗೋದು ನಮ್ಮತ್ತೆ. ನೀವು ಕೇಳಿ ಕೇಳಿ ಅವರೂ ಎದ್ದು ಹೋಗಿರ್ತಾರೆ ಬಿಡಿ" ಎಂದ. 'ಅತ್ತೆ' ಎನ್ನುವಾಗ ದನಿ ಗೀರಿತು. ಓಡಿದೆ. ಡಾಕ್ಟರಮ್ಮ ತಡಮಾಡದೆ ಟ್ಯೂಬು ಇಳಿಸಿದರು. ಅವನು ಬದುಕಿದ, ಅವನಂಥವರು ಎಷ್ಟೋ ಮಂದಿ ಬದುಕಿದರು.

ನಾನೂ ಹೊಸ ಅಟೆಂಡರುಗಳಿಗೆಲ್ಲ ಒಂದು ಮಾತು ಹೇಳಿಕೊಡುತ್ತಿದ್ದೆ: ಡಾಕ್ಟರು ನೋಡುವ ತನಕ ಹೊಗೆಯವರ ಮುಖ ಒರೆಸಬಾರದು, ಕಫ ಚೆಲ್ಲಬಾರದು. ಇದು ಡಾಕ್ಟರಮ್ಮನ ಕಟ್ಟಪ್ಪಣೆ ಎಂದು ಹೊಸಬರು ತಿಳಿದರು. ಡಾಕ್ಟರಮ್ಮ, ವಾರ್ಡಿನ ಹಳೆಯ ಪದ್ಧತಿ ಎಂದು ತಿಳಿದರು. ಒಂದು ಸಭೆಯಲ್ಲಿ, "ಮೂಗಿನ ಮಸಿಯೇ ಮೊದಲ ಸಾಕ್ಷಿ, ಅದನ್ನು ಕಾಪಾಡುವುದನ್ನು ನಮ್ಮ ಹಿರಿಯರು ಯಾವಾಗಲೋ ಕಂಡುಕೊಂಡಿದ್ದರು" ಎಂದು ಹೊಗಳಿದರು. ಹಿಂದಿನ ಸಾಲಿನಲ್ಲಿ ನಾನು ತಲೆ ತಗ್ಗಿಸಿ ಕೂತಿದ್ದೆ.

ಅಮ್ಮ, ನೀವು ಕೇಳಿದ ಪ್ರಶ್ನೆಗೆ ಉತ್ತರ ಇದು. ಕೋಪ ಇತ್ತು, ಆದರೆ ನಿಮ್ಮ ಮೇಲಲ್ಲ. ನೀವು ನೋಡಬೇಕಾದದ್ದನ್ನು ನಾನು ಮೊದಲೇ ಒರೆಸಿಬಿಟ್ಟಿದ್ದೆ. ಒಡೆದ ದನಿಯನ್ನು ನಿಮಗಿಂತ ಮೊದಲು ಕೇಳಿದವನೂ ನಾನೇ, ಕೇಳಿ ನಕ್ಕೆ. ತಪ್ಪೆಲ್ಲ ನಿಮ್ಮದೇ ಎಂದು ನೀವು ಒಪ್ಪಿಕೊಂಡು ನಿಂತಿದ್ದಾಗ ನನಗೆ ಬಾಯಿ ಬರಲಿಲ್ಲ. ಆಮೇಲೆ ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ನಿಮ್ಮೊಬ್ಬರ ತಲೆಯ ಮೇಲೆ ಈ ಹೊರೆಯನ್ನು ಇಷ್ಟು ವರ್ಷ ಬಿಟ್ಟದ್ದಕ್ಕೆ ಕ್ಷಮಿಸಿ.

ಸಾವಿರಾರು ದನಿಗಳಿಗೆ ಕಿವಿ ಕೊಟ್ಟವನು ನಾನು. ಯಾವ ವರ್ಷ ಯಾವ ಮಂಚದಲ್ಲಿದ್ದವರ ದನಿ ಹೇಗಿತ್ತೆಂದು ಈಗಲೂ ಹೇಳಬಲ್ಲೆ. ನನ್ನವಳದ್ದು ಮಾತ್ರ ಆ ಹನ್ನೊಂದು ಗಂಟೆಯ ಒಡಕು ದನಿಯೊಂದೇ ಉಳಿದಿದೆ. ಅದಕ್ಕೆ ಮುಂಚಿನದು, ಹತ್ತೊಂಬತ್ತು ವರ್ಷ ದಿನಾ ಕೇಳಿದ್ದು, ಎಷ್ಟು ಹುಡುಕಿದರೂ ಸಿಗುವುದಿಲ್ಲ. ಯಾರಾದರೂ ಹೆಂಗಸು ಹಜಾರದಲ್ಲಿ 'ರೀ' ಎಂದರೆ ಇಂದಿಗೂ ತಿರುಗಿ ನೋಡುತ್ತೇನೆ.

ನಿವೃತ್ತಿಯ ನಂತರ ಅಗ್ನಿಶಾಮಕ ದಳದವರಿಗೆ ವಾರಕ್ಕೊಮ್ಮೆ ಪಾಠ ಮಾಡುವಿರೆಂದು ಕೇಳಿದೆ. ಆಯುಸ್ಸು, ಆರೋಗ್ಯ ಕೂಡಿಬಂದು ನೂರು ವರ್ಷ ಆ ಪಾಠ ನಡೆಸಿ. ದನಿಯ ಪಾಠ ನಿಮ್ಮದು. ಮಸಿಯ ಪಾಠ ಬಂದಾಗ ಹಳೆಯ ಪದ್ಧತಿ ಎನ್ನಬೇಡಿ, ನನ್ನನ್ನು ಕರೆಯಿರಿ. ಆ ಪದ್ಧತಿ ಯಾವ ದಿನ, ಯಾರ ಮುಖದಿಂದ ಶುರುವಾಯಿತೆಂದು ನಾನೇ ಬಂದು ಹೇಳುತ್ತೇನೆ.