ನಾನು ಬರೆದ ಮರುಭೂಮಿ

ಮರುಭೂಮಿಯ ಬಗ್ಗೆ ನಾನು ಇದುವರೆಗೆ ನಾಲ್ಕು ಲೇಖನ ಬರೆದಿದ್ದೇನೆ, ಎರಡು ಕಡೆ ಭಾಷಣವನ್ನೂ ಮಾಡಿದ್ದೇನೆ. ಮರುಭೂಮಿಯನ್ನು ಮಾತ್ರ ನೋಡಿಲ್ಲ. ಮರಳೆಂದರೆ ನನಗೆ ಗೊತ್ತಿರುವುದು ಮಂಜೀರಾ ಹೊಳೆಯದು, ಬಿಟ್ಟರೆ ಮನೆ ಕಟ್ಟಿಸುವವರ ಅಂಗಳದಲ್ಲಿ ಟ್ರ್ಯಾಕ್ಟರು ಸುರಿದು ಹೋದದ್ದು. ಒಂಟೆಯನ್ನು ಕಂಡದ್ದು ಜಹೀರಾಬಾದಿನಲ್ಲಿ, ಹೆದ್ದಾರಿಯ ಪಕ್ಕ. ಮಕ್ಕಳನ್ನು ಕೂರಿಸಿಕೊಂಡು ಪೆಟ್ರೋಲ್ ಬಂಕಿನವರೆಗೆ ಹೋಗಿ ಬರುತ್ತಿತ್ತು. ನಾಚಿಕೆ ಬಿಟ್ಟು ನಾನೂ ಹತ್ತಿದೆ. ಇಳಿಯುವಾಗ ಸೊಂಟ ಹಿಡಿದುಕೊಂಡಿತು. ಮನೆಗೆ ಬಂದು, ಬೆನ್ನಿಗೆ ದಿಂಬು ಕೊಟ್ಟುಕೊಂಡು, ಒಂದು ಲೇಖನ ಮುಗಿಸಿದೆ. ಅದರಲ್ಲಿ ಮರಳುಗಾಡಿನ ಮೌನ, ಋಷಿಗಳ ತಪಸ್ಸು, ವರ್ತಕರ ಸಾಲು ಒಂಟೆಗಳು ಎಲ್ಲವೂ ಇದ್ದವು. ಸೊಂಟದ ಸುದ್ದಿ ಇರಲಿಲ್ಲ.

ನಮ್ಮೂರು ಗಡಿಯಾಚೆ, ತೆಲುಗು ಸೀಮೆಯ ಕಂಗ್ಟಿ ಕಡೆಯದು. ಬೀದರಿನ ಬಸ್ಸು ಹಿಡಿದರೆ ಕನ್ನಡ, ನಾರಾಯಣಖೇಡದ ಬಸ್ಸು ಹಿಡಿದರೆ ತೆಲುಗು, ಸೀಟಿನ ಜಗಳ ಎರಡರಲ್ಲೂ ದಖನಿ ಉರ್ದುವಿನಲ್ಲಿ. ನಮ್ಮ ಮನೆತನದಲ್ಲಿ ಓದಿ ಮಾಸ್ತರನಾದವನು ನಾನೊಬ್ಬನೇ. ಉಳಿದವರು ಕುರಿ ಸಾಕುತ್ತಾರೆ, ಜೋಳ ತೊಗರಿ ಬೆಳೆಯುತ್ತಾರೆ. ಅವರೆಲ್ಲರಿಗೂ ಹಿರಿಯ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ. ನನ್ನ ಲೇಖನ ಪತ್ರಿಕೆಯಲ್ಲಿ ಬಂದಾಗಲೆಲ್ಲ ಕಾಕಾ ಅದನ್ನು ಓದಿಸಿ ಕೇಳುತ್ತಿದ್ದ, ಕೊನೆಗೆ ಒಂದೇ ಪ್ರಶ್ನೆ ಹಾಕುತ್ತಿದ್ದ: ಅಲ್ಲಿ ಕುರಿ ಏನು ತಿನ್ನುತ್ತವೆ? ನಾನು ಬರೆದ ಮರುಭೂಮಿಯಲ್ಲಿ ಕುರಿಗಳೇ ಇರಲಿಲ್ಲ. ಸಾಹಿತ್ಯದಲ್ಲಿ ಅಷ್ಟೆಲ್ಲ ವಿವರ ಬೇಕಾಗಿಲ್ಲ ಎಂದು ತಪ್ಪಿಸಿಕೊಳ್ಳುತ್ತಿದ್ದೆ.

ಊರಿನ ಮೇಲ್ಭಾಗದಲ್ಲಿ ಒಂದು ದಿಬ್ಬವಿದೆ. ಊರಿಗೆಲ್ಲ ಸೇರಿದ ಮೇವಿನ ಜಾಗ, ಗೈರಾಣ ಅನ್ನುತ್ತೇವೆ. ಸುಗ್ಗಿ ಮುಗಿದ ಮೇಲೆ ಕುರಿಗಳಿಗೆ ಎಲ್ಲ ಹೊಲಗಳೂ ತೆರೆದೇ ಇರುತ್ತವೆ. ಹಿಕ್ಕೆಯ ಆಸೆಗೆ ರೈತರೇ ಕರೆದು ಮಂದೆ ನಿಲ್ಲಿಸಿಕೊಳ್ಳುತ್ತಾರೆ, ಕಾಕಾನಿಗೆ ಜೋಳ ಕೊಟ್ಟು ಚಹಾ ಕುಡಿಸುತ್ತಾರೆ. ಮಳೆ ಬಿದ್ದು ಬಿತ್ತನೆಯಾದ ಮೇಲೆ ಅದೇ ರೈತರು ಕುರಿಯ ನೆರಳನ್ನೂ ಬದುವಿನ ಮೇಲೆ ಬೀಳಗೊಡುವುದಿಲ್ಲ. ಆ ನಾಲ್ಕು ತಿಂಗಳು ಗೈರಾಣವೊಂದೇ ಗತಿ. ಅದಕ್ಕೂ ಒಂದು ಕಟ್ಟಳೆಯಿದೆ. ಮೊದಲ ಮಳೆಯಾದ ಕೂಡಲೇ ಹಿರಿಯರು ದಿಬ್ಬದ ಅಂಚಿನಲ್ಲಿ ಕಲ್ಲಿನ ಗುಪ್ಪೆಗಳನ್ನು ಇಡುತ್ತಾರೆ. ಹುಲ್ಲು ಬೇರು ಬಿಟ್ಟು ಗೊರಸು ಮುಳುಗುವಷ್ಟು ಬೆಳೆಯುವ ತನಕ ಗುಪ್ಪೆ ದಾಟಿ ಯಾರೂ ಕುರಿ ಬಿಡುವಂತಿಲ್ಲ. ಗುಪ್ಪೆ ಕೆಡವಿದ ದಿನ ಎಲ್ಲರ ಮಂದೆಗಳೂ ಒಟ್ಟಿಗೆ ಏರುತ್ತವೆ.

ಗೈರಾಣದಲ್ಲಿ ಇಲ್ಲದ್ದು ನೀರು. ಅಲ್ಲೊಂದು ತೊಟ್ಟಿ ಕಟ್ಟಿಸಿ ಕೊಡಿ ಎಂದು ಅರ್ಜಿ ಬರೆದುಕೊಡಲು ಕಾಕಾ ನನಗೆ ಹೇಳಿದ. ಇಷ್ಟು ದಿನ ನನ್ನ ಓದಿನಿಂದ ಮನೆತನಕ್ಕೆ ಮೂರು ಕಾಸಿನ ಉಪಯೋಗವಾಗಿರಲಿಲ್ಲ. ಹುಮ್ಮಸ್ಸು ಬಂತು. ಎರಡು ಪುಟ ಬರೆದೆ, ಅದೂ ತೆಲುಗಿನಲ್ಲಿ. ಮರುಭೂಮಿಗೆ ತೆಲುಗಿನಲ್ಲಿ ಎಡಾರಿ ಅನ್ನುತ್ತಾರೆ. ಆ ಮಾತನ್ನು ಏಳು ಸಲ ಬಳಸಿದ್ದೆ. ಕಣ್ಣು ಹಾಯುವಷ್ಟು ದೂರ ಒಂದು ಹಸಿರೆಲೆಯಿಲ್ಲ, ಹಕ್ಕಿಯೂ ಇತ್ತ ಸುಳಿಯುವುದಿಲ್ಲ, ಇದು ನಮ್ಮೂರ ಎಡಾರಿ ಎಂದೆಲ್ಲ ಇತ್ತು. ತೊಟ್ಟಿಯ ವಿಷಯ ಕೊನೆಯ ಸಾಲಿನಲ್ಲಿ ಹೇಗೋ ನುಸುಳಿಕೊಂಡಿತ್ತು.

ಬೇವಿನ ಮರದ ಕೆಳಗೆ ಓದಿ ಹೇಳಿದಾಗ ಕುರಿಯವರು ಮುಖ ಮುಖ ನೋಡಿಕೊಂಡರು. ಇದು ಯಾವ ಊರಿನದು ಎಂದು ಕಾಕಾ ಕೇಳಿದ. ಅರ್ಜಿಯೆಂದರೆ ಹೀಗೇ ಇರಬೇಕು, ಇಲ್ಲದಿದ್ದರೆ ಸಾಹೇಬರ ಮನಸ್ಸು ಕರಗುವುದಿಲ್ಲ ಎಂದು ಅಂದೆ. ಮಾಸ್ತರ ಹೇಳಿದ ಮೇಲೆ ಮುಗಿಯಿತು. ಕಾಕಾ ಹೆಬ್ಬೆಟ್ಟು ಒತ್ತಿದ.

ಸಾಹೇಬರ ಮನಸ್ಸು ಕರಗಿತು. ಬೇಕಾದದ್ದಕ್ಕಿಂತ ಹೆಚ್ಚೇ ಕರಗಿತು. ಬೇಸಿಗೆಯ ನಡುವೆ ಒಂದು ದಿನ ಜೀಪು ಬಂತು. ಅದರಲ್ಲಿದ್ದ ಅಧಿಕಾರಿ ಜಹೀರಾಬಾದಿನವರು, ನಮ್ಮ ಮಾತೂ ಬರುತ್ತಿತ್ತು, ಒಳ್ಳೆಯ ಮನುಷ್ಯ. ದಿಬ್ಬದ ಮೇಲೆ ನಿಂತು ಸುತ್ತ ನೋಡಿದರು. ಆ ತಿಂಗಳಲ್ಲಿ ಅಲ್ಲಿ ಕಾಣುವುದು ಕೆಂಪು ಕಲ್ಲು, ನಾಲ್ಕು ಜಾಲಿ ಗಿಡ, ಬಿಸಿಲು. ಅರ್ಜಿಯಲ್ಲಿ ಬರೆದದ್ದು ಅಕ್ಷರಶಃ ನಿಜ ಎಂದರು. ಇಂಥ ಎಡಾರಿಯನ್ನು ಹಸಿರು ಮಾಡಿಯೇ ತೀರುತ್ತೇವೆ, ಇಡೀ ದಿಬ್ಬಕ್ಕೆ ತಂತಿ ಬೇಲಿ ಹಾಕಿ ಗಿಡ ನೆಡುತ್ತೇವೆ, ಗುಂಡಿ ತೋಡುವ ಯಂತ್ರ ಹತ್ತು ದಿನದಲ್ಲಿ ಬರುತ್ತದೆ ಎಂದರು. ಕುರಿಗಳ ಮಾತು ಬಂದಾಗ, ಗಿಡ ದೊಡ್ಡದಾಗುವ ತನಕ ಮೂರು ವರ್ಷ ಒಳಗೆ ಬಿಡುವ ಹಾಗಿಲ್ಲ ಎಂದರು. ಹೇಗೂ ಇಲ್ಲಿ ಮೇವಿಲ್ಲವಲ್ಲ ಎಂದು ಸಮಾಧಾನವನ್ನೂ ಹೇಳಿದರು.

ಮೂರು ಮಳೆಗಾಲ ಗೈರಾಣವಿಲ್ಲದಿದ್ದರೆ ಕಾಕಾ ಕುರಿ ಮಾರಲೇಬೇಕು. ಬರೀ ಕಾಕಾ ಅಲ್ಲ, ಊರಿನ ಎಲ್ಲ ಕುರಿಯವರೂ. ಜೀಪು ಹೋದ ಮೇಲೆ ಯಾರೂ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕಾಕಾ ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಂಡ.

“ಸಾಲಿ ರಜಾ ಅದಲ್ಲ ತಮ್ಮಾ?” ಎಂದ. “ನಾಳಿಂದ ನೀರು ಹೊರಾಕ ಬಾ.”

ಕಾಕಾನ ಯೋಚನೆ ಸರಳವಾಗಿತ್ತು. ಮಳೆಯ ತನಕ ಕಾಯಲು ಸಾಹೇಬರು ಒಪ್ಪಲಾರರು. ಅದಕ್ಕೆ ನಾವೇ ಮಳೆ ಸುರಿಸಬೇಕು. ದಿಬ್ಬದಲ್ಲೇ ತೀರಾ ಬೋಳಾದ ಒಂದು ಕಡೆ, ಒಂದು ಹೊರಸು ಮಂಚ ಹಾಸುವಷ್ಟು ಜಾಗವನ್ನು ಕೋಲಿನಿಂದ ಗೆರೆ ಎಳೆದು ಗುರುತು ಮಾಡಿದ. ಕೆಳಗಿನ ಬೋರಿನಿಂದ ದಿನಾ ನಾಲ್ಕು ಕೊಡ ನೀರು ಅಲ್ಲಿಗೆ. ಹೊರುವವನು ನಾನು. ತೊಟ್ಟಿ ಇದ್ದಿದ್ದರೆ ಇಷ್ಟು ಕಷ್ಟವಿರಲಿಲ್ಲ ಎಂದು ಮೊದಲ ದಿನ ಗೊಣಗಿದೆ. ಅದನ್ನು ಅರ್ಜಿಯ ಮೊದಲನೇ ಸಾಲಿನಲ್ಲಿ ಬರೆಯಬೇಕಿತ್ತು ಎಂದು ಕಾಕಾ ನಕ್ಕ.

ನಾನು ದಮ್ಮು ಹತ್ತಿ ಕೂತಾಗಲೆಲ್ಲ ಕಾಕಾ ನನಗೆ ದಿಬ್ಬವನ್ನು ಪರಿಚಯ ಮಾಡಿಕೊಟ್ಟ. ಸತ್ತಿದೆ ಅಂದುಕೊಂಡಿದ್ದ ಹಂಚಿ ಹುಲ್ಲಿನ ಬುಡವನ್ನು ಉಗುರಿನಿಂದ ಕೆರೆದು ಒಳಗಿನ ಬಿಳಿ ತೋರಿಸಿದ. ತಂಗಡಿ ಗಿಡ ಯಾವುದು, ಬಾರಿ ಹಣ್ಣಿನ ಗಿಡ ಯಾವುದು, ಯಾವುದನ್ನು ಕುರಿ ಮೊದಲು ತಿನ್ನುತ್ತದೆ, ಯಾವುದಕ್ಕೆ ಮೂತಿಯನ್ನೂ ಹಚ್ಚುವುದಿಲ್ಲ ಎಲ್ಲ ಹೇಳಿದ. ಮೂರನೆಯ ದಿನ ಕೊಡ ಇಳಿಸಹೋದಾಗ ಥಟ್ಟನೆ ಕೈ ಹಿಡಿದು ನಿಲ್ಲಿಸಿದ. ನನ್ನ ಕಾಲಿನ ಗೇಣು ದೂರದಲ್ಲಿ, ಕಲ್ಲಿನ ನಡುವೆ ಕಲ್ಲಿನ ಬಣ್ಣದವೇ ನಾಲ್ಕು ಮೊಟ್ಟೆಗಳಿದ್ದವು. ಅವುಗಳ ತಾಯಿ ಟಿಟ್ಟಿಭ ಹಕ್ಕಿ ನನ್ನ ತಲೆಯ ಮೇಲೆ ಸುತ್ತುತ್ತ ಒಂದೇ ಸಮನೆ ಬಯ್ಯುತ್ತಿತ್ತು. ಹಕ್ಕಿಯೂ ಇತ್ತ ಸುಳಿಯುವುದಿಲ್ಲ ಎಂದು ಬರೆದವನಿಗೆ ಆ ಬೈಗುಳ ಸಲ್ಲಬೇಕಾದದ್ದೇ. ಜಾಗ ಖಾಲಿಯಿರಲಿಲ್ಲ, ನನಗೆ ನೋಡಲು ಬರುತ್ತಿರಲಿಲ್ಲ, ಅಷ್ಟೇ.

ಆರನೆಯ ದಿನ ಹಸಿರು ಇಣುಕಿತು. ಒಂಬತ್ತನೆಯ ದಿನಕ್ಕೆ ಕಾಕಾನ ಗೆರೆಯೊಳಗೆ ಹುಲ್ಲು ಗೊರಸು ಮುಳುಗುವಷ್ಟಾಗಿತ್ತು. ಗೆರೆಯಾಚೆ ಒಂದೆಳೆಯೂ ಇಲ್ಲ. ಸುಡುಬೇಸಿಗೆಯಲ್ಲಿ ಹಸಿರಿನ ವಾಸನೆ ಹಿಡಿದ ಕುರಿಗಳು ಅತ್ತಲೇ ಮೂತಿ ತಿರುಗಿಸುತ್ತಿದ್ದವು. ಆದರೆ ಕಾಕಾ ನಾಲ್ಕೂ ಮೂಲೆಗೆ ಕಲ್ಲಿನ ಗುಪ್ಪೆ ಇಟ್ಟಿದ್ದ. ಕುರಿಯವರೆಲ್ಲ ತಮ್ಮ ತಮ್ಮ ಮಂದೆಗಳನ್ನು ಸುತ್ತು ಹಾಕಿ ಹೊಡೆದುಕೊಂಡು ಹೋದರು. ಒಂದು ಕುರಿಯೂ ಅಲ್ಲಿ ಬಾಯಿ ಹಾಕಲಿಲ್ಲ.

ಹತ್ತನೆಯ ದಿನ ಯಂತ್ರದ ಜೊತೆ ಸಾಹೇಬರು ಬಂದರು. ಕಾಕಾ ಅವರನ್ನು ಆ ಹಸಿರಿನ ಪಕ್ಕ ನಿಲ್ಲಿಸಿದ. ಯಾರು ಬಿತ್ತಿದ್ದು ಎಂದು ಅವರು ಕೇಳಿದರು. ಯಾರೂ ಇಲ್ಲ, ನೀರು ಹಾಕಿದ್ದಷ್ಟೇ ನಾವು, ಮಳೆ ಬಿದ್ದರೆ ಇಡೀ ದಿಬ್ಬ ಹೀಗೇ ಆಗುತ್ತದೆ ಎಂದು ಕಾಕಾ ಹೇಳಿದ. ಅವರು ಕೂತು, ಹುಲ್ಲಿನೊಳಗೆ ಬೆರಳಾಡಿಸಿ ಬುಡ ನೋಡಿದರು. ಹೊಸದಾಗಿ ನೆಟ್ಟದ್ದಲ್ಲ ಎಂದು ತಿಳಿಯಿತು. ಆಮೇಲೆ ಫೈಲಿನಿಂದ ನನ್ನ ಎರಡು ಪುಟ ತೆಗೆದರು. ಮುಖ ಕೆಂಪಾಗಿತ್ತು.

“ಹಂಗಾದ್ರ ಇದನ್ನ ಬರದವ್ರು ಯಾರು?” ಎಂದರು. “ಸರಕಾರಕ್ಕ ಸುಳ್ಳು ಬರ್ದು ಕೊಡೋದಂದ್ರ ಆಟ ಆಗ್ಯದೇನು?”

ನಾನು ಕಾಕಾನಿಂದ ಎರಡು ಮಾರು ದೂರದಲ್ಲಿ, ಖಾಲಿ ಕೊಡ ಹಿಡಿದು ನಿಂತಿದ್ದೆ. ಜೇಬಿನಲ್ಲಿ ಪೆನ್ನಿತ್ತು. ಅರ್ಜಿ ಬರೆದವನು ಸರಕಾರಿ ಮಾಸ್ತರ ಎಂದು ತಿಳಿದರೆ ಮುಂದೇನಾದೀತು ಎಂಬುದಷ್ಟೇ ತಲೆಯಲ್ಲಿ ಓಡುತ್ತಿತ್ತು. ಕುರಿಯವರು ಯಾರೂ ನನ್ನ ಕಡೆ ನೋಡಲಿಲ್ಲ, ಬೇಕೆಂದೇ ನೋಡಲಿಲ್ಲ.

“ನಾನೇ ಹೇಳಿ ಬರ್ಸೀನ್ರಿ,” ಎಂದ ಕಾಕಾ. “ಹೆಬ್ಬೆಟ್ಟೂ ನಂದೇ ಅದ. ವಯಸ್ಸಾಗ್ಯದ್ರಿ, ಬ್ಯಾಸಗ್ಯಾಗ ಎಲ್ಲಾ ಎಡಾರಿ ಕಂಡಂಗ ಕಾಣ್ತದ. ತಪ್ಪಾತು.”

ಸಾಹೇಬರು ಅವನನ್ನೇ ದಿಟ್ಟಿಸಿದರು. ಕೊನೆಗೆ ನಕ್ಕುಬಿಟ್ಟರು. ಮುದುಕನ ತಲೆಯಲ್ಲಿ ಇಷ್ಟು ದೊಡ್ಡ ಎಡಾರಿ ಇದೆಯೇ ಎಂದರು. ಯಂತ್ರದವನು ನಕ್ಕ, ಊರವರೂ ನಕ್ಕರು. ಗಿಡಗಳು ಕೆರೆಯ ಏರಿಗೂ ರಸ್ತೆಯ ಬದಿಗೂ ಹೋದವು. ಗೈರಾಣ ಉಳಿಯಿತು. ಮರುವರ್ಷ ಅದೇ ಸಾಹೇಬರು ತೊಟ್ಟಿಯನ್ನೂ ಮಾಡಿಸಿಕೊಟ್ಟರು. ಅದರ ಅರ್ಜಿ ಒಂದೇ ಸಾಲಿನದು, ಕಾಕಾ ಹೇಳಿದ್ದನ್ನು ಹೇಳಿದ ಹಾಗೇ ಬರೆದದ್ದು: ಇಲ್ಲಿ ಎಲ್ಲ ಇದೆ, ನೀರೊಂದಿಲ್ಲ.

ಅಂದಿನಿಂದ ಊರಿನಲ್ಲಿ ಕಾಕಾನಿಗೆ ಎಡಾರಿ ಕಾಕಾ ಎಂದೇ ಹೆಸರು. ಮದುವೆಗಳಲ್ಲಿ ಊಟಕ್ಕೆ ಕೂತಾಗಲೂ, ಎಡಾರಿಗೆ ಇನ್ನೊಂದು ಲೋಟ ನೀರು ಕೊಡಿ ಎಂದು ಚೇಷ್ಟೆ ಮಾಡುತ್ತಾರೆ. ಅವನೂ ಲೋಟ ಮುಂದೆ ಚಾಚಿ ನಗುತ್ತಾನೆ. ನಾನು ಮಾತ್ರ ಆಗ ಎಲೆಯಿಂದ ತಲೆ ಎತ್ತುವುದಿಲ್ಲ. ಆ ಹೆಸರು ನನ್ನದು. ಆ ಋಣ ತೀರಿಸೋಣವೆಂದೇ ಇದನ್ನು ಬರೆಯಲು ಕೂತೆ.

ಬರೆದು ಮುಗಿಸಿ ಮೊದಲು ಕಾಕಾನಿಗೇ ಓದಿ ಹೇಳಿದೆ. ತೊಟ್ಟಿಯ ಕಟ್ಟೆಯ ಮೇಲೆ ಕೂತು, ಕುರಿ ನೀರು ಕುಡಿದು ಮುಗಿಸುವ ತನಕ ಸುಮ್ಮನೆ ಕೇಳಿದ. ಸಾಹೇಬರು ಪ್ರಶ್ನೆ ಕೇಳಿದಾಗ ನಾನು ಹೇಳಿಬಿಡಲು ಬಾಯಿ ತೆರೆದೆ, ಅಷ್ಟರಲ್ಲಿ ಕಾಕಾ ಮಾತಾಡಿಬಿಟ್ಟ ಎಂದು ಒಂದು ಸಾಲು ಬರೆದಿದ್ದೆ. ಅಲ್ಲಿಗೆ ಬಂದಾಗ ಕೈ ಎತ್ತಿ ತಡೆದ.

“ನೀ ಬಾಯಿ ತೆರ್ದಿದ್ದಿಲ್ಲ ತಮ್ಮಾ,” ಎಂದ, ಬೇಸರವೇನೂ ಇಲ್ಲದೆ.

ಆ ಸಾಲನ್ನು ಹೊಡೆದುಹಾಕಿದ್ದೇನೆ. ನಾನು ಬಾಯಿ ತೆರೆದಿರಲಿಲ್ಲ.