ಆಗಸ್ಟಿನನ ಹೆರೆಯದ ನಾಲಿಗೆ

ಆಗಸ್ಟಿನನಿಗೆ ಬಸ್ಸಿನಲ್ಲಿ ಪ್ರಯಾಣಿಕನಾಗಿ ಕೂತು ಅಭ್ಯಾಸವಿಲ್ಲ. ದುಬೈಯಿಂದ ಅಬುಧಾಬಿಗೆ ಹೋಗುವ ಸರಕಾರಿ ಬಸ್ಸಿನ ಮೂರನೇ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಲೇ ಇದ್ದ. ಮುಂದಿನ ಟ್ರೈಲರಿಗೆ ಬಸ್ಸು ತೀರಾ ಹತ್ತಿರವಾಯಿತೆಂದು ಅವನ ಕಾಲಿಗೆ ಗೊತ್ತಾಗುತ್ತಿತ್ತು. ಸ್ಟಿಯರಿಂಗ್ ಹಿಡಿದವನಿಗೆ ಗೊತ್ತಾಗುತ್ತಿರಲಿಲ್ಲ. ಎದ್ದು ಹೋಗಿ ಎರಡು ಮಾತು ಅಂದುಬಿಡಬೇಕೆಂದು ಬಾಯಿತನಕ ಬಂತು. ಆದರೆ ಇವತ್ತು ಬೈಗುಳವನ್ನೆಲ್ಲ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಚೀನೀ ಡಾಕ್ಟರಿಗೆ ಎತ್ತಿಟ್ಟಿದ್ದ.

ಉಡುಪಿ ಹತ್ತಿರದ ಶಿರ್ವದ ಕಡೆಯ ಮನುಷ್ಯ. ಏಳನೆಯ ಕ್ಲಾಸು ದಾಟದಿದ್ದರೂ ಈ ದಾರಿಯ ಒಂದೊಂದು ಸ್ಪೀಡ್ ಕ್ಯಾಮರಾ ಎಲ್ಲುಂಟೆಂದು ಕಣ್ಣುಮುಚ್ಚಿ ಹೇಳಬಲ್ಲ. ಇಪ್ಪತ್ತೊಂದು ವರ್ಷದಿಂದ ಒಂದು ಕ್ಲೀನಿಂಗ್ ಕಂಪೆನಿಯ ಸ್ಟಾಫ್ ಬಸ್ಸು ಓಡಿಸುತ್ತಿದ್ದಾನೆ. ಬೆಳಿಗ್ಗೆ ದುಬೈಯ ನೈಫ್‌ನಿಂದ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿಗೆ, ಸಂಜೆ ಅಲ್ಲಿಂದ ವಾಪಸು. ಒಂದು ಸಲವೂ ಬಸ್ಸಿಗೆ ಗೀರು ಬಿದ್ದದ್ದಿಲ್ಲ.

ಮೂರು ತಿಂಗಳಿಂದ ನಿದ್ದೆ ಹಾರಿಹೋಗಿತ್ತು. ಕಣ್ಣು ಉರಿ, ನೆತ್ತಿಯ ಎರಡು ಬದಿಯಲ್ಲಿ ಟಪಟಪ ಹೊಡೆತ, ಬಾಯಿ ಕಹಿ. ಕೋಪ ಮೊದಲೇ ಇತ್ತು, ಈಗ ಅದಕ್ಕೆ ಹಗ್ಗವಿಲ್ಲದಂತಾಯಿತು. ಒಂದು ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಯಾರದೋ ಮೊಬೈಲು ಒಂದೇ ಸಮನೆ ಕಿರುಚುತ್ತಿತ್ತೆಂದು ಅರ್ಧ ದಾರಿಯ ಘಂತೂತ್ ಹತ್ತಿರ ಬಸ್ಸನ್ನು ಬದಿಗೆ ಹಾಕಿದ. "ಖಲಾಸ್, ಎಲ್ಲರೂ ಇಳೀರಿ" ಅಂದ. ಇಪ್ಪತ್ತೆಂಟು ಜನ ಬಿಸಿಲಲ್ಲಿ ನಿಂತು ವಿಡಿಯೋ ಮಾಡಿದರು. ಅದು ಮ್ಯಾನೇಜರ್ ಕ್ಲೈವ್‌ನ ಕೈಗೆ ಬಸ್ಸಿಗಿಂತ ಮೊದಲೇ ತಲುಪಿತ್ತು.

"ಹತ್ತು ದಿನ ರಜೆ ತಕೋ ಆಗಸ್ಟಿನ್," ಅಂದಿದ್ದ ಕ್ಲೈವ್, ಮಂಗಳೂರಿನವನು, ಇವನಿಗಿಂತ ಹದಿನೈದು ವರ್ಷ ಚಿಕ್ಕವನು. "ನಿದ್ದೆ ಸರಿ ಮಾಡ್ಕೊಂಡು ಬಾ. ಹನ್ನೊಂದನೇ ದಿನ ನಿನ್ನ ಪಕ್ಕದಲ್ಲಿ ನಾನೇ ಕೂತ್ಕೊಳ್ತೇನೆ. ಸರಿ ಇಲ್ಲಾಂದ್ರೆ ಸ್ಟೋರ್."

ಸ್ಟೋರ್ ಅಂದರೆ ಕಿಟಕಿಯಿಲ್ಲದ ಕೋಣೆಯಲ್ಲಿ ನೆಲ ಒರೆಸುವ ಕೋಲು ಮತ್ತು ಫಿನಾಯಿಲ್ ಕ್ಯಾನು ಎತ್ತಿ ಕೊಡುವ ಕೆಲಸ. ಅದಕ್ಕಿಂತ ಊರಿಗೆ ಹೋಗಿ ಹಂದಿ ಸಾಕುವುದು ಮೇಲೆಂದು ಆಗಸ್ಟಿನನ ಲೆಕ್ಕ.

ಆಸ್ಪತ್ರೆಗೂ ಹೋಗಿ ಬಂದಿದ್ದ. ಬಿ.ಪಿ. ಸ್ವಲ್ಪ ಜಾಸ್ತಿಯೆಂದು ಒಂದು ಮಾತ್ರೆ ಕೊಟ್ಟರು. ಉಳಿದದ್ದೆಲ್ಲ ನಾರ್ಮಲ್. "ಎಲ್ಲ ನಾರ್ಮಲ್ ಆದರೆ ನನ್ನ ನಿದ್ದೆ ಕದ್ದವ ಯಾರು?" ಎಂದು ಕೇಳಿ ಅಲ್ಲಿಯೂ ಜಗಳ ಮಾಡಿಕೊಂಡ.

ಆಗ ಅವನ ಕಣ್ಣು ಚನಿಯನ ಪುಡಿಯ ಮೇಲೆ ಬಿತ್ತು. ಚನಿಯ ಅಂದರೆ ಉಡುಪಿಯ ಕಡೆಯ ತುಳುವ, ನೈಫ್‌ನ ಅದೇ ರೂಮಿನ ಪಕ್ಕದ ಮಂಚದವನು, ಅದೇ ಬಸ್ಸಿನಲ್ಲಿ ಅಲ್ ರೀಮಿಗೆ ಹೋಗುವವನು. ಅವನಿಗೂ ನಿದ್ದೆ ಬರುತ್ತಿರಲಿಲ್ಲ. ಚೀನೀ ಕ್ಲಿನಿಕ್ಕಿನ ಕಂದು ಪುಡಿಯನ್ನು ಬಿಸಿನೀರಿಗೆ ಹಾಕಿ ಕುಡಿದು ಈಗ ಗೊರಕೆ ಹೊಡೆಯುತ್ತಿದ್ದ. ಆ ರೂಮಿನಲ್ಲಿ ಆರು ಜನರಿಗೂ ಮದ್ದಿನ ಡಬ್ಬ ಒಂದೇ, ಒಂದು ಹಳೇ ಬಿಸ್ಕತ್ತಿನ ಟಿನ್. ಒಬ್ಬನ ನೆಗಡಿಗೆ ತಂದದ್ದನ್ನು ಇನ್ನೊಬ್ಬನ ನೆಗಡಿಗೆ ನುಂಗುವುದು ಅಲ್ಲಿಯ ಪದ್ಧತಿ.

"ತಕೊಳ್ಳಿ ಪೊರ್ಬುಗಳೇ," ಅಂದ ಚನಿಯ. ಕ್ರಿಸ್ತುವರನ್ನು ಊರಿನಲ್ಲಿ ಕರೆಯುವಂತೆ ಇಲ್ಲಿಯೂ ಕರೆಯುತ್ತಿದ್ದ. "ನೀವು ಮಲಗಿದ್ರೆ ನಮಗೂ ಒಂದು ನೆಮ್ಮದಿ."

ಐದು ದಿನ ಕುಡಿದ. ನಿದ್ದೆ ಬರುವುದಿರಲಿ, ಬಾಯೆಲ್ಲ ಹುಣ್ಣಾಯಿತು, ಕಿವಿಯಿಂದ ಹೊಗೆ ಹೊರಟಂತಾಯಿತು. ರಜೆಯ ಏಳನೆಯ ದಿನ ಖಾಲಿ ಪ್ಯಾಕೆಟುಗಳನ್ನು ಕಿಸೆಗೆ ತುಂಬಿಕೊಂಡು ಈ ಬಸ್ಸು ಹತ್ತಿದ್ದ.

ಕ್ಲಿನಿಕ್ಕಿನ ಕೌಂಟರಿನಲ್ಲಿದ್ದವಳು ಮಗ್ದಲೀನ್. ಬ್ರಹ್ಮಾವರದವಳು, ಡಾಕ್ಟರ್ ಲಿನ್ ಅವರ ಇಂಗ್ಲಿಷನ್ನು ಕೊಂಕಣಿ, ತುಳು, ಹಿಂದಿ, ಯಾವುದು ಬೇಕೋ ಅದಕ್ಕೆ ತಿರುಗಿಸುವುದು ಅವಳ ಕೆಲಸ. ಆಗಸ್ಟಿನ್ ಪ್ಯಾಕೆಟುಗಳನ್ನು ಅವಳ ಮುಂದೆ ಸುರಿದ.

"ಇದೆಂತ ಮದ್ದಾ, ವಿಷವಾ?"

ಅವಳು ಪ್ಯಾಕೆಟಿನ ಮೇಲಿನ ಹೆಸರು ಓದಿದಳು. "ಚನಿಯ. ನೀವು ಚನಿಯನಾ?"

"ನಾನು ಚನಿಯನ ಹಾಗೆ ಕಾಣ್ತೇನಾ?"

"ಕಾಣೋದಿಲ್ಲ ಬಾಬ್," ಅಂದಳು, ಕೊಂಕಣಿಯ ಮರ್ಯಾದೆಯಲ್ಲಿ. "ಹಾಗಾದ್ರೆ ಅವರ ಮದ್ದು ನೀವ್ಯಾಕೆ ಕುಡಿದದ್ದು?"

"ಅವನಿಗೂ ನಿದ್ದೆ ಇಲ್ಲ, ನನಗೂ ನಿದ್ದೆ ಇಲ್ಲ. ಕಾಯಿಲೆ ಒಂದೇ, ಮದ್ದು ಬೇರೆ ಬೇಕಾ?"

"ಬೇಕು," ಅಂದಳು ಅವಳು, ಚೀಟಿ ಬರೆಯುತ್ತಾ. "ಒಳಗೆ ಬನ್ನಿ. ಬೈಯೋದಿದ್ರೆ ಕೂತ್ಕೊಂಡು ಬೈಯಿರಿ."

ಡಾಕ್ಟರ್ ಲಿನ್ ಅರವತ್ತು ದಾಟಿದ ಸಣ್ಣ ಹೆಂಗಸು. ಬೈಗುಳವನ್ನು ಕೊನೆತನಕ ಕೇಳಿದರು. ಆಮೇಲೆ ನಾಲಿಗೆ ಚಾಚಲು ಸನ್ನೆ ಮಾಡಿದರು. ಚಾಚಿದ. ಅವರು ಬಗ್ಗಿ ನೋಡಿ ಏನೋ ಅಂದರು. ಮಗ್ದಲೀನ್ ತುಟಿ ಕಚ್ಚಿ ನಗು ತಡೆದಳು.

"ಎಂತ ಅಂದದ್ದು?"

"ನಾಲಿಗೆಯಲ್ಲಿ ಇದ್ದದ್ದನ್ನೆಲ್ಲ ಒರೆಸಿಕೊಂಡು ಬಂದಿದ್ದೀರಂತೆ. ಮೇಲಿಂದ ಸುಲೈಮಾನಿ ಚಹ ಕುಡಿದು ಬಣ್ಣ ಬೇರೆ ಹಚ್ಚಿದ್ದೀರಿ. ಇವರು ಕಾಯಿಲೆ ಹಿಡಿಯೋದೇ ನಾಲಿಗೆಯ ಮೇಲಿನ ಪದರ ನೋಡಿ. ನಾಳೆ ಬೆಳಿಗ್ಗೆ ನಾಲಿಗೆ ಹೆರೆಯದೆ ಬರಬೇಕು. ಚಹ ಇಲ್ಲ, ಬರೀ ನೀರು."

ಆಗಸ್ಟಿನನಿಗೆ ಇದು ಮುಖಕ್ಕೆ ಹೊಡೆದಂತಾಯಿತು. ಅಪ್ಪ ತೆಂಗಿನ ಗರಿಕಡ್ಡಿ ಸೀಳಿ ಕೊಡುತ್ತಿದ್ದ ಕಾಲದಿಂದ ನಾಲಿಗೆ ಹೆರೆಯದೆ ಅವನು ಅಂಗಳ ದಾಟಿದವನಲ್ಲ. ಇವತ್ತಂತೂ ಡಾಕ್ಟರ ಮುಂದೆ ಬಾಯಿ ತೆರೆಯಲಿಕ್ಕುಂಟೆಂದು ಸ್ಟೀಲಿನ ಟಂಗ್ ಕ್ಲೀನರಿನಲ್ಲಿ ಎರಡು ಸಲ, ರಕ್ತ ಬರುವಷ್ಟು ಹೆರೆದಿದ್ದ.

"ಕೊಳಕು ನಾಲಿಗೆ ಹೆಂಗಸರ ಮುಂದೆ ಚಾಚುವುದಾ?"

"ನಮ್ಮ ಊರವರು ಎಲ್ಲರೂ ಇದನ್ನೇ ಮಾಡೋದು ಬಾಬ್," ಅಂದಳು ಮಗ್ದಲೀನ್. "ಡಾಕ್ಟರಿಗೆ ಅಭ್ಯಾಸ ಆಗಿದೆ. ನಾಳೆ ಬನ್ನಿ."

ಮರುದಿನ ಬೆಳಿಗ್ಗೆ ಟಂಗ್ ಕ್ಲೀನರ್ ಕೈಗೆತ್ತಿಕೊಂಡು ಪುನಃ ಕೆಳಗಿಟ್ಟ. ಕನ್ನಡಿಯಲ್ಲಿ ನೋಡಿದರೆ ನಾಲಿಗೆಯ ಬುಡದಲ್ಲಿ ಹಳದಿ ಕೆಸರು, ಅಂಚು ಕೆಂಪು. ಇಷ್ಟು ವರ್ಷ ದಿನಾ ಹೆರೆದು ತೊಳೆದು ಬಿಡುತ್ತಿದ್ದದ್ದನ್ನು ಅವನು ಸರಿಯಾಗಿ ನೋಡಿದ್ದೇ ಇಲ್ಲ. ಚನಿಯ "ಯಲ್ಲಾ ಪೊರ್ಬುಗಳೇ, ಹೊರಟ್ರಾ?" ಅಂದಾಗ ತಲೆ ಮಾತ್ರ ಆಡಿಸಿದ. ಮೆಟ್ರೋದಲ್ಲಿ ಒಬ್ಬ ಕಾಲು ತುಳಿದ. ಬಸ್ಸಿನಲ್ಲಿ ಪಕ್ಕದವನ ಮೊಬೈಲು ಅಬುಧಾಬಿ ತನಕ ಕಿರುಚಿತು. ಎರಡು ಸಲ ಬಾಯಿ ತೆರೆದ. ಎರಡು ಸಲವೂ ತನ್ನ ಬಾಯಿಯ ವಾಸನೆ ತನಗೇ ಬಡಿದು ಮುಚ್ಚಿಕೊಂಡ. ಒಂದು ಇಡೀ ಬೆಳಿಗ್ಗೆ ಯಾರಿಗೂ ಬೈಯದೆ ಕಳೆದದ್ದು ಅವನಿಗೆ ನೆನಪಿದ್ದಂತೆ ಇದೇ ಮೊದಲು.

ಡಾಕ್ಟರ್ ಲಿನ್ ಈ ಸಲ ನಾಲಿಗೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ಎರಡೂ ಮಣಿಗಂಟಿನ ಮೇಲೆ ಮೂರು ಮೂರು ಬೆರಳಿಟ್ಟು ನಾಡಿ ಹಿಡಿದರು. ಬಿಗಿದ ತಂತಿಯ ಹಾಗೆ ಉಂಟಂತೆ. ಆಮೇಲೆ ಪ್ರಶ್ನೆಗಳು. ತಣ್ಣೀರು ಬೇಕೆನಿಸುತ್ತದಾ, ಬಿಸಿನೀರಾ? ತಲೆನೋವು ಮಧ್ಯದಲ್ಲಾ, ಬದಿಗಾ? ಎಚ್ಚರವಾಗುವುದು ಎಷ್ಟು ಗಂಟೆಗೆ? ಹೊಟ್ಟೆ ಸರಿಯಾಗಿ ಹೋಗುತ್ತದಾ? ಇದಕ್ಕೆ ಗೋಡೆಯ ಕಡೆ ನೋಡಿ ಉತ್ತರ ಕೊಟ್ಟ. ಕೋಪ ಯಾವಾಗ ಬರುತ್ತದೆ?

"ಇದಕ್ಕೆ ನಾನೇ ಉತ್ತರ ಹೇಳ್ತೇನೆ," ಅಂದಳು ಮಗ್ದಲೀನ್.

ಲಿವರಿನಲ್ಲಿ ಬೆಂಕಿ ಎಂದು ಡಾಕ್ಟರು ಅಂದರು. ಆಗಸ್ಟಿನ್ ಕುರ್ಚಿಯಿಂದ ಅರ್ಧ ಎದ್ದ.

"ನಾನು ಕುಡುಕ ಅಲ್ಲ. ಕ್ರಿಸ್‌ಮಸ್ಸಿಗೆ ಎರಡು, ಮದುವೆಗೆ ಎರಡು. ಹೇಳಿ ಅವರಿಗೆ."

"ಕುಡಿಯುವ ಮಾತಲ್ಲ ಬಾಬ್. ಸ್ಕ್ಯಾನಿನಲ್ಲಿ ಕಾಣುವ ಲಿವರೂ ಅಲ್ಲ. ಮೈಯಲ್ಲಿ ಎಲ್ಲ ಸಲೀಸಾಗಿ ಹರಿಯುವ ಹಾಗೆ ನೋಡಿಕೊಳ್ಳುವ ಒಂದು ಕೆಲಸ ಉಂಟು, ಅದಕ್ಕೆ ಇವರು ಲಿವರ್ ಅಂತಾರೆ. ನಿಮ್ಮಲ್ಲಿ ಅದು ಕಟ್ಟಿಕೊಂಡು ಕಾದಿದೆ. ನಿದ್ದೆ ಇಲ್ಲದ್ದು ಕಾಯಿಲೆಯ ಹೆಸರು, ಅದು ನಿಮಗೂ ಚನಿಯರಿಗೂ ಒಂದೇ. ಬಾಯಿ ಕಹಿ, ಕಣ್ಣು ಉರಿ, ಇದೆಲ್ಲ ಲಕ್ಷಣ. ಆ ಲಕ್ಷಣ, ನಾಲಿಗೆ, ನಾಡಿ ಎಲ್ಲ ಒಟ್ಟು ಕಟ್ಟಿ ನೋಡಿದ್ರೆ ಈ ಹೊತ್ತು ಒಳಗೆ ಎಂತ ನಡೀತಾ ಉಂಟು ಅಂತ ಗೊತ್ತಾಗ್ತದೆ. ಮದ್ದು ಕೊಡೋದು ಅದಕ್ಕೆ, ಹೆಸರಿಗಲ್ಲ. ಚನಿಯರದ್ದು ಬಿಳಿಚಿದ ನಾಲಿಗೆ, ಸೋತ ನಾಡಿ. ಅವರಿಗೆ ಶಕ್ತಿ ತುಂಬಿ ಬೆಚ್ಚಗೆ ಮಾಡುವ ಮದ್ದು ಕೊಟ್ಟದ್ದು. ನೀವು ಮೊದಲೇ ಬೆಂಕಿ, ಅದನ್ನೇ ಕುಡಿದ್ರಿ."

ಆಗಸ್ಟಿನ್ ಪುನಃ ಕುರ್ಚಿಗೆ ಕೂತ. ಆಮೇಲೆ ತನ್ನಷ್ಟಕ್ಕೇ ಹೇಳಿಕೊಂಡಂತೆ ಹೇಳಿದ: "ಬಸ್ಸಿನ ಎಂಜಿನ್ ಕಾಯ್ತದೆ. ಮೀಟರಿನ ಮುಳ್ಳು ಮೇಲೆ ಹೋಗ್ತದೆ. ನೀರು ಕಮ್ಮಿಯಾದ್ರೂ ಅದೇ ಮುಳ್ಳು, ರೇಡಿಯೇಟರ್ ಕಟ್ಟಿದ್ರೂ ಅದೇ ಮುಳ್ಳು. ಕಟ್ಟಿದ ರೇಡಿಯೇಟರಿಗೆ ಬರೀ ನೀರು ಹೊಯ್ದು ಪ್ರಯೋಜನ ಇಲ್ಲ."

ಮಗ್ದಲೀನ್ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಏನೋ ಕೇಳಿದರು.

"ಮುಳ್ಳು ಮೇಲೆ ಹೋದ್ರೆ ಡ್ರೈವರುಗಳು ಎಂತ ಮಾಡ್ತಾರೆ ಅಂತ ಕೇಳ್ತಿದ್ದಾರೆ."

"ಒಳ್ಳೆ ಡ್ರೈವರ್ ನಿಲ್ಲಿಸ್ತಾನೆ," ಅಂದ. ಮುಂದಿನ ಮಾತು ಅವನಿಗೇ ಕಷ್ಟವಾಯಿತು. "ಕೆಲವರು ಮುಳ್ಳಿನ ಮೇಲೆ ಬಟ್ಟೆ ಹಾಕಿ ಓಡಿಸ್ತಾರೆ."

ಆರು ವಾರದ ಮದ್ದು. ಬಿ.ಪಿ. ಮಾತ್ರೆ ಬಿಡಬಾರದು. ವಾರಕ್ಕೊಮ್ಮೆ ನಾಲಿಗೆ ತೋರಿಸಬೇಕು, ಒಳಗಿನ ಸ್ಥಿತಿ ಬದಲಾದರೆ ಮದ್ದೂ ಬದಲಾಗುತ್ತದೆ. "ನನಗೆ ಆರು ವಾರ ಇಲ್ಲ, ಮೂರು ದಿನ ಉಂಟು," ಅಂದ. ಡಾಕ್ಟರು ಭುಜ ಕುಣಿಸಿದರು.

ಹೊಸ ಪುಡಿ ಬೇವಿಗಿಂತ ಕಹಿ. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಮೂರು ಗಂಟೆ ನಿದ್ದೆ. ಮೂರನೆಯದಕ್ಕೆ ಐದು. ಆದರೂ ಮಧ್ಯಾಹ್ನವಾದರೆ ತಲೆ ಕಲ್ಲಿನಂತಾಗುತ್ತಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಕ್ಷೌರ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟ. ಹೆರೆಯುವ ಮೊದಲು ಕನ್ನಡಿಗೆ ನಾಲಿಗೆ ಚಾಚಿದ. ಹಳದಿ ತೆಳುವಾಗಿತ್ತು. ಹೋಗಿರಲಿಲ್ಲ.

ಬಸ್ಸಿನ ಬಾಗಿಲ ಬಳಿ ಕ್ಲೈವ್ ನಿಂತಿದ್ದ. ಜನ ಹತ್ತುತ್ತಿದ್ದರು. "ಎಂತ ಆಗಸ್ಟಿನ್, ಫಿಟ್?"

ಫುಲ್ ಫಿಟ್ ಎಂದು ನೈಫ್‌ನ ಗಲ್ಲಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಎರಡೇ ಶಬ್ದ. ಹೇಳಿದರೆ ಸ್ಟಿಯರಿಂಗ್ ಉಳಿಯುತ್ತದೆ.

"ನಿನ್ನೆ ಐದು ಗಂಟೆ ಮಲಗಿದೆ," ಅಂದ. "ಬೆಳಿಗ್ಗೆ ತಲೆ ಸರಿ ಉಂಟು. ಸಂಜೆ ಆಗುವಾಗ ಭಾರ ಆಗ್ತದೆ. ಆರು ವಾರ ಬೇಕಂತೆ. ಸಂಜೆ ಟ್ರಿಪ್ಪು ಈಗ ನನಗೆ ಕೊಡಬೇಡ."

ಹಿಂದೆ ನಿಂತಿದ್ದ ಚನಿಯ, ಇನ್ನು ಸ್ಟೋರೇ ಗತಿಯೆಂಬಂತೆ, ತಲೆ ಕೆಳಗೆ ಹಾಕಿದ. ಕ್ಲೈವ್ ಮೊಬೈಲು ಕಿಸೆಗೆ ಹಾಕಿ ಇವನ ಮುಖವನ್ನೇ ನೋಡಿದ.

"ಬೆಳಿಗ್ಗೆ ನೀನು. ಸಂಜೆ ಲಿಯೊನೆಲ್. ಆರು ವಾರ," ಅಂದ. "ಇವತ್ತು ನಾನು ಪಕ್ಕದಲ್ಲಿ ಕೂತ್ಕೊಳ್ಳೋದಂತೂ ಹೌದು."

ಲಿಯೊನೆಲ್ ಅಂದರೆ ಈ ಹತ್ತು ದಿನ ಬಸ್ಸು ಓಡಿಸಿದವನು, ಬ್ರೇಕನ್ನು ಜಿರಳೆ ತುಳಿದಂತೆ ತುಳಿಯುವವನು. ಆಗಸ್ಟಿನನ ನೆತ್ತಿ ಟಪಟಪ ಹೊಡೆಯಿತು. ಹತ್ತಿ ಕೂತ. ಲಿಯೊನೆಲ್ ಹಿಂದಕ್ಕೆ ತಳ್ಳಿಟ್ಟಿದ್ದ ಸೀಟನ್ನು ಮುಂದಕ್ಕೆ ಎಳೆದ, ಕನ್ನಡಿ ತಿರುಗಿಸಿದ. ಎಂಜಿನ್ ಶುರುವಾಗುವ ಮೊದಲೇ ಹಿಂದಿನ ಸೀಟಿನಲ್ಲಿ ಯಾರದೋ ಮೊಬೈಲು ಕಿರುಚತೊಡಗಿತು. ಕ್ಲೈವ್ ಓರೆಗಣ್ಣಲ್ಲಿ ಇವನನ್ನು ನೋಡಿದ.

"ಸ್ವಲ್ಪ ಸಣ್ಣ ಮಾಡಿ ಮಾರಾಯ್ರೆ," ಅಂದ ಆಗಸ್ಟಿನ್ ಕನ್ನಡಿಯ ಕಡೆಗೆ, ಹಲ್ಲು ಕಚ್ಚಿಕೊಂಡೇ.

ಮೀಟರಿನ ಮುಳ್ಳುಗಳನ್ನು ಒಂದೊಂದಾಗಿ ನೋಡಿ, ಹ್ಯಾಂಡ್‌ಬ್ರೇಕ್ ಬಿಟ್ಟ.